ಹಾಡಲು ಬಾರದಷ್ಟು, ಮಾತಾಡಲು ಬರುವಷ್ಟು

ಮೊನ್ನೆ ಮುಂಬಯಿ ಮಾಟುಂಗದ ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿಸಿ ಕಾಫಿಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಸೆರಗು ಎಳೆದರು. “ಅಕ್ಕ, ನಮ್ಮ ಮನೆಯವರಿಗೆ ಎರಡು ಸ್ಟೆಂಟ್ ಹಾಕಿ ತಿಂಗಳಾಯ್ತು. ವಾಕಿಂಗಿಗೆ ಬಿಡಬಹುದಾ?” ಮನೆಯವರು ನಾಲ್ಕು ಹೆಜ್ಜೆ ಆಚೆ ಕುರ್ಚಿಯಲ್ಲಿ ಕೂತಿದ್ದರು. ಕಾಫಿ ಅವರಿದ್ದಲ್ಲಿಗೇ ಹೋಗಬೇಕಿತ್ತು. ಮಗುವನ್ನು ಅಂಗಳಕ್ಕೆ ಆಡಲು ಬಿಡಬಹುದಾ ಎಂದು ಕೇಳುವ ಧಾಟಿಯಲ್ಲೇ ಆಕೆ ಕೇಳಿದ್ದರು. “ಬಿಡಬಹುದು, ಈಗಲೇ ಬಿಡಿ, ಕಾಫಿ ಅವರೇ ಬಂದು ತಗೊಳ್ಳಲಿ” ಅಂದೆ. ಆಕೆಗೆ ಅದು ಹಿಡಿಸಿದಂತೆ ಕಾಣಲಿಲ್ಲ.

ಮೂವತ್ತು ವರ್ಷ ಫಿಸಿಯೋಥೆರಪಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈ ಅಂಕಣ ಬರೆಯಲು ಶುರು ಮಾಡಿದ ಮೇಲೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ. ಹಾರ್ಟ್ ಅಟ್ಯಾಕ್ ಆದವರು, ಬೈಪಾಸ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು ನಡೆಯಬಹುದೇ, ಎಷ್ಟು ನಡೆಯಬೇಕು, ನಡೆದರೆ ಬ್ಲಾಕ್ ಕರಗುತ್ತದೆಯೇ? ನೇರವಾಗಿ ಕೇಳದೆ ಸುತ್ತಿ ಬಳಸಿ ಕೇಳುವ ಇನ್ನೊಂದು ಪ್ರಶ್ನೆಯೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಡಿಗೆಯ ಬಗೆಗಿನ ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ, ಅದನ್ನು ಕಲಿಸಿದವರು ವೈದ್ಯರೇ. ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲಿ ಹೃದಯಾಘಾತವನ್ನು ವಿವರವಾಗಿ ಬರೆದ ಮೇಲೆ, ಗಾಯವಾದ ಹೃದಯಕ್ಕೆ ವಾರಗಟ್ಟಲೆ ಹಾಸಿಗೆಯೇ ಮದ್ದು ಎಂಬುದು ದಶಕಗಳ ಕಾಲ ನಡೆದುಬಂತು. ರೋಗಿ ಏಳಬಾರದು, ತಾನಾಗಿ ಉಣ್ಣಲೂಬಾರದು. 1950ರ ಹೊತ್ತಿಗೆ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಆ ಕಾಲಕ್ಕೆ ಅದೇ ದೊಡ್ಡ ಧೈರ್ಯ. ನಮ್ಮೂರಿಗೆ ಆ ಕುರ್ಚಿ ತಲುಪಲು ಇನ್ನೂ ಬಹಳ ವರ್ಷ ಬೇಕಾಯಿತು. ನನ್ನ ದೊಡ್ಡಪ್ಪನಿಗೆ ಎದೆನೋವು ಬಂದಾಗ ನಾನು ಚಿಕ್ಕವಳು. ಚಾವಡಿಯ ಮಂಚದ ಮೇಲೆ ಅವರನ್ನು ಎರಡು ತಿಂಗಳು ಮಲಗಿಸಿದ್ದರು. ಬಾವಿಕಟ್ಟೆಗೂ ಹೋಗಕೂಡದೆಂದು ಅಪ್ಪಣೆ. ಎದ್ದು ನಿಂತ ದಿನ ಅವರ ಪಂಚೆಯ ಕೆಳಗೆ ಕಂಡ ಕಾಲುಗಳು ನನಗೆ ಈಗಲೂ ನೆನಪಿವೆ, ಗದ್ದೆ ಕೊಯ್ದಾದ ಮೇಲೆ ಉಳಿದ ಬೆದರುಗೊಂಬೆಯ ಕಾಲಿನಂತೆ. ಹೃದಯ ಉಳಿಯಿತು, ಮನುಷ್ಯ ಮತ್ತೆ ತೋಟಕ್ಕೆ ಇಳಿಯಲಿಲ್ಲ.

ಹಾಸಿಗೆ ಏನು ಮಾಡುತ್ತದೆ ಎಂಬುದನ್ನು 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಅಳೆದರು. ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಮಲಗಿಸಿಟ್ಟರು. ಆಮ್ಲಜನಕ ಬಳಸಿ ದುಡಿಯುವ ಅವರ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷೆ ಮಾಡಿದಾಗ, ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಜಾಸ್ತಿ ಇತ್ತು. ನಮ್ಮ ದೊಡ್ಡಪ್ಪ ಎರಡು ತಿಂಗಳು ಮಲಗಿದ್ದರು.

ಇನ್ನೊಂದು ಅಧ್ಯಯನ ಮುಂಬಯಿಯವರಿಗೆ ಬೇಗ ಅರ್ಥವಾಗುವಂಥದ್ದು. ಲಂಡನ್ನಿನ ಜೆರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಅಲ್ಲಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯ ಲೆಕ್ಕ ತೆಗೆದರು. ದಿನವಿಡೀ ಕೂತೇ ಇರುವ ಡ್ರೈವರಿಗೆ ಹೋಲಿಸಿದರೆ ಮೇಲೆ ಕೆಳಗೆ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರಿಗೆ ಹೃದಯಾಘಾತ ಕಡಿಮೆ, ಬಂದರೂ ಅದು ಅಷ್ಟು ತೀವ್ರವಲ್ಲ. ಡ್ರೈವರುಗಳ ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆ ಮೊದಲಿಂದಲೇ ದೊಡ್ಡದಿತ್ತು ಎಂಬುದನ್ನು ಆಮೇಲೆ ಮಾರಿಸ್ ತಂಡವೇ ಪತ್ತೆ ಮಾಡಿತು. ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಮೆಟ್ಟಿಲಿಗೆ ಕೊಡುವ ಹಾಗಿಲ್ಲ. ಆದರೂ ನಮ್ಮ ಮುಂಬಯಿಯ ಬೆಸ್ಟ್‌ನ ಹಳೆಯ ಡಬಲ್ ಡೆಕರ್‌ಗಳು 2023ರಲ್ಲಿ ರಸ್ತೆಯಿಂದ ಸರಿಯುವವರೆಗೂ, ಟಿಕೆಟ್ ಪಂಚನ್ನು ಟಕಟಕ ಅನ್ನಿಸುತ್ತಾ ಮೇಲಿನ ಮಜಲಿಗೆ ಏರುವ ಕಂಡಕ್ಟರನ್ನು ಕಂಡಾಗಲೆಲ್ಲ ನನಗೆ ಮಾರಿಸ್ ನೆನಪಾಗುತ್ತಿದ್ದರು.

ನಮ್ಮವರಿಗೆ ಬಸ್ಸೂ ಬೇಡ, ಹೋಟೆಲೇ ಸಾಕು. ಮಾಟುಂಗದ ಯಾವುದೇ ಉಡುಪಿ ಹೋಟೆಲಿಗೆ ಹೋಗಿ ನೋಡಿ. ಒಬ್ಬರು ಗಲ್ಲೆಯಲ್ಲಿ ಕೂತಿರುತ್ತಾರೆ, ಇನ್ನೊಬ್ಬ ಎಡಗೈ ಮೇಲೆ ನಾಲ್ಕು ಪ್ಲೇಟು ಜೋಡಿಸಿಕೊಂಡು ಅಡುಗೆಮನೆಗೂ ಮೇಜಿಗೂ ದಿನಕ್ಕೆಷ್ಟು ಮೈಲಿ ಓಡಾಡುತ್ತಾನೋ. ನಾನು ಹೇಳಹೊರಟಿರುವುದು ಗಲ್ಲೆಯವರೊಬ್ಬರ ಕಥೆ. ಕುಂದಾಪುರ ಕಡೆಯವರು. ಸಪ್ಲಾಯರ್ ಆಗಿ ಬಂದು, ಇಪ್ಪತ್ತೈದು ವರ್ಷ ನಡೆದು, ಮತ್ತೆ ಇಪ್ಪತ್ತು ವರ್ಷ ಗಲ್ಲೆಯಲ್ಲಿ ಕೂತವರು. ಹವ್ಯಾಸಿ ಯಕ್ಷಗಾನ ತಂಡದಲ್ಲಿ ಭಾಗವತಿಕೆ ಮಾಡುತ್ತಿದ್ದ ಕಾರಣ ಎಲ್ಲರೂ ಅವರನ್ನು ಭಾಗವತರು ಅಂತಲೇ ಕರೆಯುತ್ತಿದ್ದರು. ಅರವತ್ತಮೂರಕ್ಕೆ ಹಾರ್ಟ್ ಅಟ್ಯಾಕ್ ಆಯಿತು, ಒಂದು ಸ್ಟೆಂಟ್ ಹಾಕಿದರು. ಮೂರು ವಾರದ ನಂತರ ನನ್ನೆದುರು ಬಂದು ಕೂತಾಗ ಅವರು ಆಡಿದ ಮೊದಲ ಮಾತು: “ಇನ್ನು ಎಂತ ಮಾಡುದು ತಂಗಿ, ಕೂತ್ಕೊಂಡೇ ಇರುದು ಅಂತ ಮಗ ಹೇಳಿದ್ದಾನೆ.”

ಕಾರಿಡಾರಿನಲ್ಲಿ ಮೂವತ್ತು ಮೀಟರಿಗೆ ಒಂದು ಗುರುತು ಹಾಕಿ, ಆರು ನಿಮಿಷ ಹೋಗಿ ಬರಲು ಹೇಳಿದೆ. ಓಡುವುದಲ್ಲ, ನಿಲ್ಲಬೇಕೆನಿಸಿದರೆ ನಿಲ್ಲಬಹುದು. ಎಷ್ಟು ಮೀಟರು ಆಯಿತೆಂದು ನೋಡುವುದು, ಅಷ್ಟೇ ಪರೀಕ್ಷೆ. ಹೃದ್ರೋಗಿಗಳಿಗೆ ಜಗತ್ತಿನೆಲ್ಲೆಡೆ ಮಾಡುವ ಅತ್ಯಂತ ಅಗ್ಗದ ಪರೀಕ್ಷೆ ಇದು. ಭಾಗವತರು ಮೂರನೆಯ ಸುತ್ತಿನಲ್ಲೇ ಗೋಡೆ ಹಿಡಿದರು. ಎದೆನೋವಿಲ್ಲ, ಇಸಿಜಿ ಸರಿಯಿದೆ, ಬಿಪಿ ಸರಿಯಿದೆ. “ಎಂತಾಯ್ತು?” ಅಂದರೆ, “ಎದೆ ಹೊಡ್ಕೊಳ್ತಾ ಉಂಟು, ಅದು ಆಗ್ಬಾರ್ದಲ್ಲ?” ಅಂದರು. ನಡೆದರೆ ಎದೆ ಹೊಡೆದುಕೊಳ್ಳುವುದು ಹೃದಯ ತನ್ನ ಕೆಲಸ ಮಾಡುತ್ತಿರುವುದರ ಗುರುತು ಎಂಬುದನ್ನು ಅವರಿಗೆ ಮನವರಿಕೆ ಮಾಡಲು ನನಗೆ ಎರಡು ವಾರ ಬೇಕಾಯಿತು. ಮಗನಿಗೆ ಮನವರಿಕೆ ಮಾಡಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು.

ನಡಿಗೆ ಮಾಡುವುದೇನು? ಹೃದಯದ ಸ್ನಾಯುವನ್ನು ತೋಳಿನ ಸ್ನಾಯುವಿನಂತೆ ಉಬ್ಬಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಲಾಭದ ದೊಡ್ಡ ಪಾಲು ಸಿಗುವುದು ಹೃದಯದಲ್ಲಲ್ಲ, ಕಾಲಿನಲ್ಲಿ. ದಿನವೂ ಹದವಾಗಿ ನಡೆಯುವವನ ತೊಡೆ ಮೀನಖಂಡಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಸ್ನಾಯುಕೋಶದೊಳಗೆ ಆಮ್ಲಜನಕ ಉರಿಸುವ ಒಲೆಗಳು, ಅಂದರೆ ಮೈಟೋಕಾಂಡ್ರಿಯಾಗಳು, ಹೆಚ್ಚುತ್ತವೆ. ಬಂದ ರಕ್ತದಿಂದ ಕಾಲು ಹೆಚ್ಚು ಆಮ್ಲಜನಕ ಹೀರಿಕೊಳ್ಳಲು ಕಲಿಯುತ್ತದೆ. ಕಾಲು ಹೀಗೆ ಮಿತವ್ಯಯ ಕಲಿತರೆ ಅದೇ ಮೆಟ್ಟಿಲಿಗೆ ಹೃದಯ ಮೊದಲಿನಷ್ಟು ರಕ್ತ ತಳ್ಳಬೇಕಾಗಿಲ್ಲ. ನಾಡಿ ಇಳಿಯುತ್ತದೆ, ಬಿಪಿಯ ಏರಿಕೆಯೂ ತಗ್ಗುತ್ತದೆ. ಇಲ್ಲಿ ಹೃದ್ರೋಗಿಗೆ ಮುಖ್ಯವಾದ ಒಂದು ಸೂಕ್ಷ್ಮವಿದೆ. ಊರಿಗೆಲ್ಲ ರಕ್ತ ಹಂಚುವ ಹೃದಯ ತನ್ನ ಪಾಲಿನ ರಕ್ತವನ್ನು ಪಡೆಯುವುದು ಬಹುಮಟ್ಟಿಗೆ ಎರಡು ಬಡಿತಗಳ ನಡುವಿನ ವಿರಾಮದಲ್ಲಿ, ಎಲ್ಲರಿಗೂ ಬಡಿಸಿದ ಮೇಲೆ ಉಣ್ಣುವ ಮನೆಯ ಹೆಂಗಸಿನಂತೆ. ಬಡಿತ ನಿಧಾನವಾದಷ್ಟೂ ಅದಕ್ಕೆ ಊಟಕ್ಕೆ ಪುರುಸೊತ್ತು ಜಾಸ್ತಿ. ಕೂತಾಗಿನ ನಾಡಿ 80ರಿಂದ 72ಕ್ಕೆ ಇಳಿಯಿತು ಅನ್ನಿ, ದಿನಕ್ಕೆ ಹನ್ನೊಂದು ಸಾವಿರಕ್ಕೂ ಮಿಕ್ಕಿ ಬಡಿತ ಉಳಿತಾಯ.

ರಕ್ತನಾಳದ ಒಳಗೋಡೆಯ ಕಥೆ ಬೇರೆಯೇ. ರಕ್ತ ರಭಸದಿಂದ ಹರಿದು ಆ ಗೋಡೆಯನ್ನು ಸವರಿದಾಗ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ, ನಾಳ ಹಿಗ್ಗುತ್ತದೆ. ರೋಗ ಬಂದ ನಾಳ ಹಿಗ್ಗುವುದನ್ನು ಮರೆತಿರುತ್ತದೆ, ದಿನನಿತ್ಯದ ನಡಿಗೆ ಅದನ್ನು ಮತ್ತೆ ಕಲಿಸುತ್ತದೆ. ಹಾಗಾದರೆ ಬ್ಲಾಕ್ ಕರಗುತ್ತದೆಯೇ? ಇಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಹಾಗೆ ಮಾತು ಕೊಟ್ಟು ಕಷಾಯ ಮಾರುವವರ ಹತ್ತಿರವೂ ಹೋಗಬೇಡಿ. ಆದರೆ ಸ್ಟೆಂಟ್ ರಿಪೇರಿ ಮಾಡುವುದು ಪೈಪಿನ ಒಂದು ಜಾಗವನ್ನು ಮಾತ್ರ, ನಡಿಗೆ ತಲುಪುವುದು ಇಡೀ ಪೈಪನ್ನು. ಜರ್ಮನಿಯ ಲೈಪ್‌ಝಿಗ್‌ನ ವೈದ್ಯರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸ್ಥಿರವಾದ ಎದೆನೋವಿದ್ದ 101 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಟೆಂಟ್, ಇನ್ನೊಂದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷದ ಸೈಕಲ್ ಕೊಟ್ಟರು. ವರ್ಷದ ಕೊನೆಗೆ ಹೃದಯದ ಹೊಸ ತೊಂದರೆ ಇಲ್ಲದೆ ಉಳಿದವರು ಸೈಕಲ್ ಗುಂಪಿನಲ್ಲಿ 88 ಶೇಕಡಾ, ಸ್ಟೆಂಟ್ ಗುಂಪಿನಲ್ಲಿ 70 ಶೇಕಡಾ. ಇದನ್ನು ಓದಿ ಯಾರೂ ಸ್ಟೆಂಟ್ ಬೇಡವೆಂದು ಆಸ್ಪತ್ರೆಯಿಂದ ಎದ್ದು ಬರಬಾರದು. ಅದು ಚಿಕ್ಕ ಅಧ್ಯಯನ, ಆಯ್ದ ರೋಗಿಗಳು. ಹಾರ್ಟ್ ಅಟ್ಯಾಕ್ ಆಗುತ್ತಿರುವ ಹೊತ್ತಿನಲ್ಲಿ ಜೀವ ಉಳಿಸುವುದು ಸ್ಟೆಂಟೇ. ಸೈಕಲ್ಲಿನ ಕೆಲಸ ಅದಾದ ಮೇಲಿನದು. ದೊಡ್ಡ ಲೆಕ್ಕ ಬೇಕೆಂದರೆ 2016ರ ಕೊಕ್ರೇನ್ ವಿಮರ್ಶೆ ಇದೆ: 63 ಅಧ್ಯಯನಗಳು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳು. ವ್ಯಾಯಾಮದ ಪುನಶ್ಚೇತನ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಕಾಲು ಭಾಗ ಕಡಿಮೆ, ಮತ್ತೆ ಆಸ್ಪತ್ರೆ ಸೇರುವ ಸಂಭವವೂ ಕಡಿಮೆ. ಎಲ್ಲ ಕಾರಣಗಳ ಸಾವನ್ನೂ ಕೂಡಿಸಿ ನೋಡಿದಾಗ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಹಾಗಾದರೆ ಎಷ್ಟು ನಡೆಯಬೇಕು? ಮಾಟುಂಗದವರ ನಡಿಗೆಯೆಂದರೆ ಫೈವ್ ಗಾರ್ಡನ್ಸ್. 1896ರ ಪ್ಲೇಗಿನ ನಂತರ ಊರಿನ ಇಕ್ಕಟ್ಟಿನಿಂದ ಜನರಿಗೆ ಗಾಳಿ ಬೆಳಕು ಸಿಗಲೆಂದು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಈ ಕಡೆಯ ಬಡಾವಣೆಗಳನ್ನು ರೂಪಿಸಿತು. ಇಲ್ಲಿನ ಮರಗಳ ನೆರಳು ಇಂದಿಗೂ ನಮ್ಮನ್ನು ಕಾಯುತ್ತಿದೆ. ಬೆಳಿಗ್ಗೆ ಆರೂವರೆಗೆ ಅಲ್ಲಿ ಎರಡು ಜಾತಿಯವರು ಸಿಗುತ್ತಾರೆ. ಒಂದು ಜಾತಿ ಕೈ ಹಿಂದೆ ಕಟ್ಟಿಕೊಂಡು ಸೊಸೈಟಿ ಜಗಳ, ಶೇರು ಮಾರ್ಕೆಟ್ಟು ಮಾತಾಡುತ್ತಾ ಸಾಗುವವರು. ಇವರ ನಾಡಿ ಬೆಂಚಿನಲ್ಲಿ ಕೂತವರ ನಾಡಿಗಿಂತ ಹೆಚ್ಚೇನೂ ಇರಲಿಕ್ಕಿಲ್ಲ. ಇನ್ನೊಂದು ಜಾತಿ, ಆಸ್ಪತ್ರೆಯಿಂದ ಬಂದ ತಿಂಗಳಿಗೇ ಮಗ ತಂದ ವಾಚು ಕಟ್ಟಿಕೊಂಡು ಹತ್ತು ಸಾವಿರ ಹೆಜ್ಜೆಯ ಹಟಕ್ಕೆ ಬಿದ್ದು ಏದುಸಿರು ಬಿಡುವವರು. ಎರಡನೆಯವರನ್ನು ಕಂಡರೆ ನನಗೆ ಭಯ, ಮೊದಲನೆಯವರನ್ನು ಕಂಡರೆ ಬೇಜಾರು.

ಸರಿಯಾದ ವೇಗಕ್ಕೆ ಹಳೆಯದೊಂದು ಅಳತೆ ಇದೆ: ಮಾತಾಡಲು ಬರಬೇಕು, ಹಾಡಲು ಬರಬಾರದು. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ ವೇಗ ಜಾಸ್ತಿಯಾಯಿತು, ಒಂದು ಹಾಡು ಸಲೀಸಾಗಿ ಹೇಳಲಾದರೆ ಸಾಲದಾಯಿತು. ವಾಚಿನ ನಾಡಿ ಲೆಕ್ಕವನ್ನು ನಂಬಬಾರದೇ ಎಂದು ಕೇಳುತ್ತಾರೆ. 220ರಿಂದ ವಯಸ್ಸು ಕಳೆಯುವ ಸೂತ್ರ ಎಲ್ಲರ ಬಾಯಲ್ಲೂ ಇದೆ. ಆದರೆ ಹೃದ್ರೋಗಿಗಳಲ್ಲಿ ಬಹಳ ಜನ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿರುತ್ತಾರೆ. ಆ ಮಾತ್ರೆಯ ಕೆಲಸವೇ ನಾಡಿಯನ್ನು ಏರಗೊಡದಿರುವುದು. ಸೂತ್ರದ ಸಂಖ್ಯೆ ಮುಟ್ಟಲು ಹೋದರೆ ಅವರು ಕುಸಿದುಬೀಳಬಹುದು. ಅದಕ್ಕೇ ಆಸ್ಪತ್ರೆಗಳಲ್ಲಿ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿಟ್ಟ 6ರಿಂದ 20ರವರೆಗಿನ ಪಟ್ಟಿ ತೋರಿಸಿ, ನಿಮಗೆ ಎಷ್ಟು ಆಯಾಸ ಅನಿಸುತ್ತಿದೆ ಎಂದು ರೋಗಿಯನ್ನೇ ಕೇಳುತ್ತೇವೆ. 11ರಿಂದ 13ರ ನಡುವೆ ಇದ್ದರೆ ಹೆಚ್ಚಿನವರಿಗೆ ಸಾಕು. ಭಾಗವತರಿಗೆ ಆ ಪಟ್ಟಿ ತಲೆಗೆ ಹತ್ತಲಿಲ್ಲ. ಹಾಡಿನ ಲೆಕ್ಕ ಹೇಳಿದ ಕೂಡಲೇ ಮುಖ ಅರಳಿತು. “ಹಾಗಾದ್ರೆ ಪದ ಹೇಳ್ತಾ ನಡೀತೇನೆ, ಉಸಿರು ಕಡಿದಲ್ಲಿಗೆ ಸರಿ ಅಂತ ಲೆಕ್ಕ” ಅಂದರು.

ನಡಿಗೆಯನ್ನು ಮಾತ್ರೆಯ ಹಾಗೆ ತೆಗೆದುಕೊಳ್ಳಬೇಕು. ಒಂದು ದಿನ ಹತ್ತು ಮಾತ್ರೆ ನುಂಗಿ ಮುಂದಿನ ಒಂಬತ್ತು ದಿನ ಬಿಡುವವರಿಲ್ಲ, ಆದರೆ ಭಾನುವಾರ ಎರಡು ಗಂಟೆ ನಡೆದು ಸೋಮವಾರದಿಂದ ಶನಿವಾರದ ತನಕ ಸೋಫಾ ಹಿಡಿಯುವವರು ಧಾರಾಳ ಇದ್ದಾರೆ. ಭಾಗವತರಿಗೆ ನಾನು ಮೊದಲ ವಾರ ಕೊಟ್ಟದ್ದು ಐದು ನಿಮಿಷದ ನಡಿಗೆ, ದಿನಕ್ಕೆ ಮೂರು ಸಲ. ಆಮೇಲೆ ವಾರಕ್ಕೆ ಎರಡು ಮೂರು ನಿಮಿಷ ಏರಿಸುತ್ತಾ ಮೂವತ್ತಕ್ಕೆ ತಂದೆವು, ವಾರಕ್ಕೆ ಐದು ದಿನ. ಶುರುವಿನ ಹತ್ತು ನಿಮಿಷ ನಿಧಾನ, ಕೊನೆಯ ಹತ್ತು ನಿಮಿಷವೂ ನಿಧಾನ. ಈ ಕೊನೆಯದನ್ನು ಜನ ಮರೆಯುತ್ತಾರೆ. ಒಂದು ದಿನ ಅವರು ಜೋರಾಗಿ ನಡೆಯುತ್ತಿದ್ದಾಗ ಊರಿನವರೊಬ್ಬರು ಎದುರಾದರು. ಗಕ್ಕನೆ ನಿಂತು ಮಾತಿಗಿಳಿದ ಅರೆ ನಿಮಿಷದಲ್ಲಿ ಕಣ್ಣು ಕತ್ತಲೆಗಟ್ಟಿ ಕಟ್ಟೆಯ ಮೇಲೆ ಕುಸಿದು ಕೂತರು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತದೆ, ತಲೆಗೆ ಸಾಲದಾಗುತ್ತದೆ. ಗೆಳೆಯ ಸಿಕ್ಕರೆ ಅವರನ್ನೂ ಜೊತೆಗೆ ನಡೆಸಿಕೊಂಡು ಹೋಗಿ.

ಯಾರು ನಡೆಯಬಾರದು ಎಂಬುದೂ ಇದೆ. ಸುಮ್ಮನೆ ಕೂತಾಗಲೂ ಎದೆನೋವು ಬರುವವರು, ಹೃದಯದ ಕವಾಟ ತೀರಾ ಕಿರಿದಾದವರು, ಜ್ವರ ಇರುವವರು, ಹೃದಯ ವೈಫಲ್ಯವಿದ್ದು ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿ ಪಾದ ಊದಿಕೊಂಡವರು ಮೊದಲು ಡಾಕ್ಟರಲ್ಲಿಗೆ ಹೋಗಬೇಕು. ಬೈಪಾಸ್ ಆದವರು ನಡೆಯಬಹುದು, ಆದರೆ ಎದೆಯ ಮೂಳೆ ಕೂಡಿಕೊಳ್ಳುವ ಆರರಿಂದ ಎಂಟು ವಾರ ಬಕೆಟ್ಟು, ಮೊಮ್ಮಗ, ಮಾರ್ಕೆಟಿನ ಚೀಲ ಯಾವುದನ್ನೂ ಎತ್ತಬಾರದು. ಜೇಬಿನಲ್ಲಿ ಡಾಕ್ಟರು ಬರೆದುಕೊಟ್ಟ ನಾಲಗೆ ಕೆಳಗಿನ ಮಾತ್ರೆ ಇರಲಿ. ನಡೆಯುವಾಗ ಎದೆ, ದವಡೆ, ಎಡತೋಳು ಹಿಡಿದಂತಾದರೆ ನಿಂತು, ಕೂತು, ಅದನ್ನಿಟ್ಟುಕೊಳ್ಳಿ. ಐದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಫೋನು. ಊಟವಾದ ಕೂಡಲೇ ನಡಿಗೆ ಬೇಡ. ರಾಮ ನಾಯಕರ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿ ನೇರವಾಗಿ ಸ್ಟೇಷನ್ ಸೇತುವೆ ಹತ್ತುವವರನ್ನು ನೋಡಿದ್ದೇನೆ. ಹೊಟ್ಟೆ ರಕ್ತ ಕೇಳುತ್ತಿರುವಾಗಲೇ ಕಾಲೂ ಕೇಳಿದರೆ ಹೃದಯ ಯಾರಿಗೆಂದು ಕೊಡಬೇಕು? ಮೇ ತಿಂಗಳ ಸೆಖೆಯಲ್ಲಿ, ಅಕ್ಟೋಬರಿನ ಬಿಸಿಲಲ್ಲಿ ವೇಗ ತಗ್ಗಿಸಿ. ಮಳೆಗಾಲದಲ್ಲಿ ಕಟ್ಟಡದ ಪ್ಯಾಸೇಜು ಸಾಕು.

ಯೋಗ ಸಾಲದೇ ಎನ್ನುವವರಿಗೆ ನಮ್ಮ ದೇಶದ್ದೇ ಉತ್ತರ ಇದೆ. 24 ಆಸ್ಪತ್ರೆಗಳಲ್ಲಿ ಹಾರ್ಟ್ ಅಟ್ಯಾಕ್ ಆದ 3,959 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಅಧ್ಯಯನದಲ್ಲಿ, ಯೋಗದ ತರಬೇತಿ ಪಡೆದವರು ತಮ್ಮ ಆರೋಗ್ಯ ಮೇಲಾಗಿದೆ ಎಂದರು, ಹಳೆಯ ಚಟುವಟಿಕೆಗಳಿಗೆ ಹೆಚ್ಚಾಗಿ ಮರಳಿದರು. ಸಾವು ಮತ್ತು ಮರು-ಆಘಾತಗಳಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ತೋರಲಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ, ಯೋಗ ಮಾಡಿ, ನಡೆಯುವುದನ್ನು ಬಿಡಬೇಡಿ. ಹೃದ್ರೋಗಿಗಳಿಗಾಗಿಯೇ ಉಸ್ತುವಾರಿಯಿರುವ ವ್ಯಾಯಾಮ ಕೇಂದ್ರ ಸಿಕ್ಕರೆ ಮೊದಲ ಮೂರು ತಿಂಗಳು ಅಲ್ಲೇ ಕಲಿಯುವುದು ಒಳ್ಳೆಯದು. ಆಪರೇಷನ್ನಿಗೆ ಲಕ್ಷಗಟ್ಟಲೆ ಕಟ್ಟುವ ಮನೆಯವರು ಇದರ ಫೀಸು ಕೇಳಿ ಚೌಕಾಸಿಗೆ ಇಳಿಯುವುದನ್ನು ನೋಡಿ ನನಗೆ ಸಾಕಾಗಿದೆ.

ಇನ್ನು ಆ ಸುತ್ತು ಬಳಸಿನ ಪ್ರಶ್ನೆ. ಗಂಡಸರು ಹೆಂಡತಿಯನ್ನು ನೀರು ತರಲು ಕಳಿಸಿ ಕೇಳುತ್ತಾರೆ, ಹೆಂಗಸರು ಕೇಳುವುದೇ ಇಲ್ಲ. ಎರಡು ಮಹಡಿ ಮೆಟ್ಟಿಲನ್ನು ಎದೆನೋವಿಲ್ಲದೆ, ವಿಪರೀತ ಏದುಸಿರಿಲ್ಲದೆ ಏರಲು ಸಾಧ್ಯವಾದರೆ ದಾಂಪತ್ಯಕ್ಕೂ ಅಡ್ಡಿಯಿಲ್ಲ. ಆದರೆ ನಾಲಗೆ ಕೆಳಗಿನ ಮಾತ್ರೆ ಬಳಸುವವರು ದಾಂಪತ್ಯಕ್ಕೆಂದು ಗಂಡಸರು ನುಂಗುವ ಆ ಇನ್ನೊಂದು ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ನನ್ನ ಅನುಭವದಲ್ಲಿ ನಡಿಗೆಗೆ ದೊಡ್ಡ ಅಡ್ಡಿ ರೋಗವಲ್ಲ, ಮನೆಯವರ ಪ್ರೀತಿ. ಲಿಫ್ಟ್ ಹಿಡಿದು ನಿಲ್ಲುವ ಮಗ, “ನೀವು ಕೂತ್ಕೊಳ್ಳಿ ಮಾವ” ಅನ್ನುವ ಸೊಸೆ, ಕೊತ್ತಂಬರಿ ಸೊಪ್ಪಿಗೂ ಫೋನಿನಲ್ಲೇ ಆರ್ಡರು ಮಾಡುವ ಮೊಮ್ಮಗಳು. ಭಾಗವತರ ಮಗ ಮೂರು ವಾರ ಅವರ ಹಿಂದೆ ಸ್ಕೂಟರ್ ತಳ್ಳಿಕೊಂಡು ಬರುತ್ತಿದ್ದ, ಅಪ್ಪ ಸುಸ್ತಾದರೆ ಕೂರಿಸಿಕೊಂಡು ಹೋಗಲು. ಹನ್ನೆರಡು ವಾರದ ನಂತರ ಅದೇ ಕಾರಿಡಾರಿನಲ್ಲಿ ಆರು ನಿಮಿಷಕ್ಕೆ ಅವರು ಮೊದಲಿಗಿಂತ ನೂರು ಮೀಟರಿಗೂ ಹೆಚ್ಚು ನಡೆದರು. ಗಲ್ಲೆಗೆ ಮರಳಿದರು, ಆದರೆ ಗಂಟೆಗೊಮ್ಮೆ ಎದ್ದು ತಾವೇ ಎರಡು ಮೇಜಿಗೆ ನೀರು ಇಡುತ್ತೇನೆಂದು ಹಟ ಹಿಡಿದು.

ಕಳೆದ ವಾರ ಫೈವ್ ಗಾರ್ಡನ್ಸ್‌ನಲ್ಲಿ ಅವರು ಮುಂದೆ ಹೋಗುತ್ತಿದ್ದರು, ನಾನು ಹಿಂದಿದ್ದೆ. ಮೂರನೆಯ ತೋಟದ ತಿರುವಿನಲ್ಲಿ ಪದವೊಂದನ್ನು ಎತ್ತಿಕೊಂಡರು. ಮೊದಲ ಸಾಲು ಪೂರ್ತಿ ಬಂತು. ಎರಡನೆಯದರ ನಡುವೆ ಉಸಿರು ಕಡಿಯಿತು. ತೊಡೆಗೆ ಕೈ ತಟ್ಟಿ ತಾಳ ಮಾತ್ರ ಬಿಡದೆ, ಹಿಂದೆ ತಿರುಗದೆ, ಹೆಬ್ಬೆರಳು ಎತ್ತಿ ತೋರಿಸಿದರು.